ಒಳಕೋಣೆಯ ಹನ್ನೊಂದು ಸಹಿಗಳು

ನೀಲಗಿರಿ ಎಣ್ಣೆಯ ವಾಸನೆ. ಕಳೆದ ಶನಿವಾರ ಗ್ಯಾರೇಜಿನ ಡಬ್ಬಗಳನ್ನು ಖಾಲಿ ಮಾಡುವಾಗ ನಮ್ಮ ಕನ್ನಡ ಸಂಘದ ಹಳೆಯ ನಡಾವಳಿ ಪುಸ್ತಕ ಸಿಕ್ಕಿತು. ತೆರೆದರೆ ನಡುವೆ ನಾಲ್ಕಾಗಿ ಮಡಚಿದ ಕಾಗದ, ಅದರಿಂದ ಆ ವಾಸನೆ. ಈ ಪರದೇಶದ ವೆಲಿಂಗ್ಟನ್ ಊರಿನ ಗಾಳಿಗೆ ಹೆದರಿ ಕರವಸ್ತ್ರಕ್ಕೆ ಈ ಎಣ್ಣೆ ಹಚ್ಚಿಕೊಂಡು ಬರುತ್ತಿದ್ದವರು ನಮ್ಮಲ್ಲಿ ಒಬ್ಬರೇ. ಕರವಸ್ತ್ರ ಇಟ್ಟ ಜೇಬಿನಲ್ಲೇ ಈ ಕಾಗದವನ್ನೂ ಇಟ್ಟುಕೊಂಡು ಎರಡು ವರ್ಷ ಓಡಾಡಿದ್ದರು...

ನಾವೆಲ್ಲ ಅವರನ್ನು ಮಾಸ್ತರ್ ಅಂಕಲ್ ಅನ್ನುತ್ತಿದ್ದೆವು. ಗದಗಿನ ಕಡೆ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ, ನಿವೃತ್ತರಾಗಿ, ಹೆಂಡತಿಯೊಂದಿಗೆ ಪಕ್ಕದ ಊರು ಲೋವರ್ ಹಟ್‌ನ ಮಗಳ ಮನೆಗೆ ಬಂದವರು. ಸಂಘ ಕಟ್ಟಿದವರೇ ಅವರು. ಆರು ವರ್ಷ ಅಧ್ಯಕ್ಷರಾಗಿದ್ದರು. ಸ್ಥಾಪಕರೆಂದು ಅವರಿಗೆ ಆಜೀವ ಸದಸ್ಯತ್ವವಿತ್ತು. ಉಳಿದಂತೆ, ಮಕ್ಕಳ ಜೊತೆ ಇರಲು ಬಂದ ಅಪ್ಪ ಅಮ್ಮಂದಿರಿಗೆ ಪ್ರವೇಶ ಉಚಿತ, ಮತವಿಲ್ಲ. ಆ ನಿಯಮ ಬರೆದವರೂ ಅವರೇ.

ನಮ್ಮ ಕಾರ್ಯಕ್ರಮಗಳಲ್ಲಿ ಒಂದು ಪದ್ಧತಿ ಇತ್ತು. ಬಾಡಿಗೆ ಹಾಲ್‌ನ ಹಿಂದೆ ಒಂದು ಒಳಕೋಣೆ. ಯುಗಾದಿಯಾಗಲಿ, ರಾಜ್ಯೋತ್ಸವವಾಗಲಿ, ಅಜ್ಜಿಯರೆಲ್ಲ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿ ಕೂರಬೇಕು. ಅಳು ಕೇಳಿದರೆ ಹಾಡುವವರಿಗೆ ತೊಂದರೆ ಎಂದು ಬಾಗಿಲು ಬೇರೆ ಹಾಕುತ್ತಿದ್ದರು. ಆಮಂತ್ರಣದಲ್ಲಿ ‘ಮಕ್ಕಳ ಆರೈಕೆಗೆ ವ್ಯವಸ್ಥೆ ಇದೆ’ ಎಂದು ಬರೆಯುತ್ತಿದ್ದವಳು ಕಾರ್ಯದರ್ಶಿಯಾದ ನಾನು. ಆ ವ್ಯವಸ್ಥೆಯಲ್ಲಿ ನನ್ನ ಅವ್ವನೂ ಒಬ್ಬಳು.

ಅಂಕಲ್ ಅಧ್ಯಕ್ಷಗಿರಿ ಬಿಟ್ಟ ಮರುವರ್ಷ, ಎರಡು ಸಾವಿರದ ಹನ್ನೆರಡರ ಸುಮಾರಿಗೆ, ಅವರ ಹೆಂಡತಿ ತೀರಿಕೊಂಡರು. ಶ್ರದ್ಧಾಂಜಲಿಗೆ ಒಂದು ಫೋಟೋ ಬೇಕೆಂದು ಮಗಳು ಸಂಘದ ಆಲ್ಬಮ್‌ಗಳನ್ನೆಲ್ಲ ತಿರುವಿದಳು. ಆರು ವರ್ಷದ ಕಾರ್ಯಕ್ರಮಗಳು, ನೂರಾರು ಫೋಟೋಗಳು. ಅಧ್ಯಕ್ಷರ ಹೆಂಡತಿ ಒಂದರಲ್ಲೂ ಇರಲಿಲ್ಲ.

“ನಾ ವೇದಿಕಿ ಮ್ಯಾಲೆ ಶಾಲು ಹೊದ್ದು ಕೂಡತಿದ್ದೆ. ಆಕಿ ಒಳಗ ಮಂದಿ ಕೂಸು ಆಡಸತಿದ್ಲು. ಒಂದು ಹಾಡು ಪೂರ್ತಿ ಕೇಳಲಿಲ್ಲ ನೋಡವಾ,” ಅಂದರು ನನಗೆ. “ಅಟ್ಟ ಮ್ಯಾಲೆ ಒಲಿ ಉರೀತು, ಕೆಟ್ಟ ಮ್ಯಾಲೆ ಬುದ್ಧಿ ಬಂತು.”

ಆಮೇಲೆ ಮನೆಮನೆಗೆ ಹೋಗಿ ಅಜ್ಜಿಯರನ್ನು ಮಾತಾಡಿಸಿ, ಅವರು ಹೇಳಿದ್ದನ್ನು ಬರೆದುಕೊಂಡರು. ನಮಗೂ ಕಾರ್ಯಕ್ರಮ ನೋಡುವ ಆಸೆ ಇದೆ, ಮಕ್ಕಳನ್ನು ಅವರವರ ತಂದೆ ತಾಯಿ ಸರದಿಯ ಮೇಲೆ ನೋಡಿಕೊಳ್ಳಲಿ, ನಮಗೂ ಒಂದು ಮತವಿರಲಿ. ಇಷ್ಟೇ. ಕೆಳಗೆ ಹನ್ನೊಂದು ಸಹಿ. ಏಳನೆಯದು ಅವ್ವನದು. ನನಗೆ ಹೇಳದೆ ಹಾಕಿದ್ದಳು.

ಹೊಸ ಅಧ್ಯಕ್ಷರು ಬೆಂಗಳೂರಿನವರು, ಮಾತು ಬೆಣ್ಣೆ. ಮುಂದಿನ ಸಭೆಯಲ್ಲೇ, ಮತವಿಲ್ಲದವರ ಪತ್ರಗಳನ್ನು ಸಭೆಯಲ್ಲಿ ಓದತಕ್ಕದ್ದಲ್ಲ ಎಂಬ ನಿಯಮ ಪಾಸು ಮಾಡಿಸಿದರು. ಮತ ಬೇಕೆಂದು ಕೇಳುವ ಪತ್ರವನ್ನು, ಕೇಳುವವರಿಗೆ ಮತವಿಲ್ಲವೆಂದು ತಳ್ಳಿಹಾಕುವುದು! ಈಗಲೂ ಬರೆಯುವಾಗ ಮೈ ಉರಿಯುತ್ತದೆ. ಆಗ ಮಾತ್ರ ‘ಸರ್ವಾನುಮತದಿಂದ’ ಎಂದು ದುಂಡಗೆ ಬರೆದುಕೊಂಡವಳು ನಾನೇ. ಅಂಕಲ್ ಕೈ ಎತ್ತದೆ ಕೂತಿದ್ದು ನನ್ನ ಕಣ್ಣಿಗೆ ಕಂಡಿತ್ತು.

ಪ್ರತಿ ಸಭೆಯಲ್ಲೂ ಅವರು ಎದ್ದು ನಿಲ್ಲುತ್ತಿದ್ದರು. “ಅಧ್ಯಕ್ಷರ, ನನ್ನ ಕಡೆ ಒಂದು ಪತ್ರ ಐತಿ.”

“ಅಂಕಲ್, ರೂಲ್ಸ್ ಅಂದ್ರೆ ರೂಲ್ಸ್. ದಯವಿಟ್ಟು ಕೂತ್ಕೊಳ್ಳಿ.”

ಕೂರುತ್ತಿದ್ದರು. ಮುಂದಿನ ಸಲ ಮತ್ತೆ ಏಳುತ್ತಿದ್ದರು. ಒಮ್ಮೆ ರೈಲಿನಲ್ಲಿ ಜೊತೆಯಾದಾಗ, ಆಳಿದ ಮನುಷ್ಯ ಹೀಗೆ ಬೈಸಿಕೊಳ್ಳುವುದು ಯಾಕೆ ಅಂಕಲ್ ಎಂದು ಕೇಳಿಯೇಬಿಟ್ಟೆ. ಅವರು ಪಾಠ ಶುರು ಮಾಡಿದರು. ಅಮೆರಿಕ ಹುಟ್ಟಿದ ಹೊಸತರಲ್ಲಿ ಒಬ್ಬ ಅಧ್ಯಕ್ಷನಿದ್ದನಂತೆ. ಎರಡನೆಯ ಚುನಾವಣೆಯಲ್ಲಿ ಸೋತ, ಬೆಳೆದ ಮಗನೊಬ್ಬನನ್ನು ಕಳೆದುಕೊಂಡ. ಮನೆಯಲ್ಲಿ ಕೂರದೆ ಅಲ್ಲಿನ ಸಂಸತ್ತಿನ ಕೆಳಮನೆಗೆ ಸಾಮಾನ್ಯ ಸದಸ್ಯನಾಗಿ ಬಂದ. ಗುಲಾಮಗಿರಿ ತೆಗೆಯಿರಿ ಎಂದು ಜನ, ಅದರಲ್ಲೂ ಹೆಂಗಸರು, ಬರೆದ ಅರ್ಜಿಗಳನ್ನು ಮುಂದಿಡಲು ಎದ್ದರೆ, ಅಂಥ ಅರ್ಜಿಗಳನ್ನು ಕೈಗೆತ್ತಿಕೊಳ್ಳಲೇಬಾರದೆಂದು ಸಭೆ ನಿಯಮ ಮಾಡಿತು. ಹೆಂಗಸರಿಗೇಕೆ ಈ ಉಸಾಬರಿ ಎಂದು ಕೆಲವರು ಹೀಯಾಳಿಸಿದರು. ಮುದುಕ ವರ್ಷಗಟ್ಟಲೆ ಎದ್ದು ನಿಂತ, ಆ ನಿಯಮ ಬೀಳುವ ತನಕ.

“ಕಡೀಕ ತನ್ನ ಕುರ್ಚಿಯೊಳಗ ಕುಸದ. ಅದ ಕಟ್ಟಡದಾಗ ಜೀವಾ ಬಿಟ್ಟ,” ಅಂದರು ಅಂಕಲ್. “ದೊಡ್ಡ ಕುರ್ಚಿಯೊಳಗ ಇದ್ದಾಗ ಮಾಡಿದ್ದಕ್ಕಿಂತ ಸಣ್ಣ ಕುರ್ಚಿಯೊಳಗ ಮಾಡಿದ್ದ ದೊಡ್ಡದಾತು.” ಅವರ ಕಣ್ಣು ಹೊಳೆಯುತ್ತಿತ್ತು. ನಾನು ಕಿಟಕಿಯಾಚೆ ನೋಡಿದೆ.

ಆ ವರ್ಷದ ರಾಜ್ಯೋತ್ಸವದಲ್ಲಿ ಹಿರಿಯರೆಂಬ ಮರ್ಯಾದೆಗೆ ಅವರಿಗೆ ವಂದನಾರ್ಪಣೆ ಕೊಟ್ಟಿದ್ದರು. ವಂದನಾರ್ಪಣೆಯನ್ನು ಕನ್ನಡಿಗರು ಯಾವ ದೇಶದಲ್ಲೂ ಕೇಳುವುದಿಲ್ಲ. ‘ಕೊನೆಯದಾಗಿ’ ಅನ್ನುವಷ್ಟರಲ್ಲಿ ಅರ್ಧ ಸಭೆ ಬಿಸಿಬೇಳೆ ಬಾತಿನ ಸಾಲಿನಲ್ಲಿರುತ್ತದೆ. ಅಂಕಲ್ ಹಾಲ್‌ನವರಿಗೆ, ಮೈಕಿನವರಿಗೆ, ಅಡುಗೆಯವರಿಗೆ ವಂದಿಸಿದರು. ಆಮೇಲೆ ಒಳಕೋಣೆಯಲ್ಲಿ ಕೂತಿದ್ದ ತಾಯಂದಿರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ವಂದಿಸತೊಡಗಿದರು. ವಂದನೆಗೆ ಯಾವ ನಿಯಮವೂ ಅಡ್ಡ ಬರುವಂತಿರಲಿಲ್ಲ. ಏಳನೆಯ ಹೆಸರು ಮುಗಿಸಿ ಜೇಬಿನಿಂದ ಕಾಗದ ತೆಗೆದರು. ಅಧ್ಯಕ್ಷರು ನನ್ನತ್ತ ನೋಡಿದರು. ಮೈಕಿನ ಗುಂಡಿ ನನ್ನ ಪಕ್ಕದಲ್ಲಿತ್ತು.

ನಾನು ಮೈಕ್ ಆರಿಸಿದೆ.

ಅವರು ತುಟಿ ಅಲ್ಲಾಡಿಸುತ್ತಲೇ ಇದ್ದರು, ಒಂದು ಗಳಿಗೆ. ಆಮೇಲೆ ಓದುವುದನ್ನು ನಿಲ್ಲಿಸಿದರು. ಇಳಿದು ಬಂದು ಕಾಗದ ನನ್ನ ಕೈಗಿಟ್ಟರು. “ನಡಾವಳಿಯೊಳಗರ ಇಡವಾ.” ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮರುವರ್ಷ ವಂದನಾರ್ಪಣೆ ಬೇರೆಯವರಿಗೆ ಹೋಯಿತು. ಅಂಕಲ್ ಒಳಕೋಣೆಗೆ ಹೋಗಿ ಮಕ್ಕಳ ನಡುವೆ ಕೂರತೊಡಗಿದರು. ಒಂದು ಚಳಿಗಾಲ ಎದೆ ಕಟ್ಟಿತು, ಆಸ್ಪತ್ರೆ ಸೇರಿದರು, ವಾಪಸ್ ಬರಲಿಲ್ಲ.

ಶ್ರದ್ಧಾಂಜಲಿ ಸಭೆ ಅದೇ ಹಾಲ್‌ನಲ್ಲಿ ನಡೆಯಿತು. ಇದ್ದಾಗ ಕೂರಿಸಿದ ಬಾಯಿಯೇ ‘ದಿಟ್ಟ ದನಿ’ ಎಂದು ಹೊಗಳಿತು. ಫೋಟೋಗೆ ದೊಡ್ಡ ಹಾರ. ಎಂಥ ನಾಚಿಕೆಗೇಡು! ಮನೆಗೆ ಮರಳುವಾಗ ಕಾರಿನಲ್ಲಿ ಅವ್ವ ಕೇಳಿದಳು: “ಏನಂದ್ರವಾ ಮಾಸ್ತರ ಬಗ್ಗೆ? ನಮಗ ಏನೂ ಕೇಳಸಲಿಲ್ಲ. ಬಾಗಲಾ ಹಾಕಿದ್ರಲ್ಲ.”

ಅವ್ವ ಹೋಗಿ ಈಗ ಎರಡು ವರ್ಷ. ನಿಯಮ ಇನ್ನೂ ಇದೆ. ಈ ಸಲದ ಆಮಂತ್ರಣವೂ ಮೊನ್ನೆ ಬಂತು, ಕೊನೆಯಲ್ಲಿ ನನ್ನದೇ ಸಾಲು: ಮಕ್ಕಳ ಆರೈಕೆಗೆ ವ್ಯವಸ್ಥೆ ಇದೆ.

ಶನಿವಾರ ಗ್ಯಾರೇಜಿನಲ್ಲಿ ನಿಂತು ಆ ಪತ್ರವನ್ನು ಜೋರಾಗಿ ಓದಿದೆ, ಹನ್ನೊಂದು ಹೆಸರೂ ಸೇರಿಸಿ. ಕೇಳಬೇಕಾದವರು ಯಾರೂ ಇರಲಿಲ್ಲ... ಓದಿ ಮುಗಿಸಲು ಎರಡು ನಿಮಿಷವೂ ಹಿಡಿಯಲಿಲ್ಲ.