ಒಂದು ತಲೆ ಕಡಿಮೆ ಬಿದ್ದ ಮೂಲೆ

ಆರ್ಡಿಸ್ ಟೋರ್ಕೆಲ್ಸನ್ ಯಾರಿಗೂ ತಲೆ ಬಾಗಿದವಳಲ್ಲ. ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದೇ ಮುಪ್ಪಾದವಳು, ಗಂಡ ಸತ್ತಾಗಲೂ ಜನರೆದುರು ಅಳಲಿಲ್ಲ. ಊರಿನ ಹೆರಿಗೆ ವಾರ್ಡು ಮುಚ್ಚಿದ ಮೇಲೆ ಅವಳ ಸೊಸೆ ದೂರದೂರಿನ ಆಸ್ಪತ್ರೆಗೆ ಹೋಗುವಾಗ ಹಿಮ ಬಿದ್ದ ಹೆದ್ದಾರಿಯಲ್ಲಿ, ಟ್ರಕ್ಕಿನೊಳಗೇ ಹೆತ್ತಳು. ಮಗು ಉಳಿಯಲಿಲ್ಲ.

ಪಕ್ಷ ಯಾರನ್ನು ಅಧ್ಯಕ್ಷಗಿರಿಗೆ ನಿಲ್ಲಿಸಬೇಕೆಂಬ ಆಯ್ಕೆ ಅಮೆರಿಕದಲ್ಲೇ ಮೊದಲು ನಡೆಯುವುದು ಅಯೋವಾ ರಾಜ್ಯದಲ್ಲಿ. ಹಾಗಾಗಿ ಇಲ್ಲಿಗೆ ಬರುವ ಉಮೇದುವಾರರೆಲ್ಲ ಮನೆಮನೆಯಲ್ಲಿ ಹಣ್ಣು ತುಂಬಿ ಬೇಯಿಸಿದ ಪೈ ತಿನ್ನುತ್ತಾರೆ, ಕೈ ಕುಲುಕುತ್ತಾರೆ. ಸೆನೆಟರ್ ವಿಟ್ಕೊಂಬ್ ಕೂಡ ಆರ್ಡಿಸಳ ಮನೆಯಲ್ಲಿ ಕೂತು, ಇನ್ನೊಂದು ತುಂಡು ಹಾಕಿಸಿಕೊಂಡು, "ಆ ವಾರ್ಡು ತೆರೆಸೇ ತೆರೆಸ್ತೀನಿ" ಎಂದಿದ್ದ. ಅಂದಿನಿಂದ ಅವನ ಪರವಾಗಿ ಅವಳು ಹತ್ತದ ಮೆಟ್ಟಿಲಿಲ್ಲ. ಇಂಥವರ ಮಾತಿನ ಬೆಲೆ ಗೊತ್ತಿದ್ದೂ ನಂಬಿದಳು. ನಂಬದೆ ಏನು ಮಾಡಿಯಾಳು?

ಆಯ್ಕೆಯ ದಿನ ಜನ ಶಾಲೆಯ ಬಾಸ್ಕೆಟ್‌ಬಾಲ್ ಅಂಕಣದಲ್ಲಿ ಸೇರಿದರು. ಇಲ್ಲಿ ಗುಟ್ಟಿನ ಮತವಿಲ್ಲ. ಯಾರು ಬೇಕೋ ಅವರ ಹೆಸರಿನ ಮೂಲೆಗೆ ಹೋಗಿ ನೆರೆಹೊರೆಯ ಕಣ್ಣೆದುರೇ ನಿಲ್ಲಬೇಕು. ಇಷ್ಟು ತಲೆಯಾದರೂ ಇರಬೇಕೆಂಬ ಲೆಕ್ಕವುಂಟು. ಕಡಿಮೆ ಬಿದ್ದರೆ ಮೂಲೆ ಮುರಿದಂತೆ, ನಿಂತವರು ಬೇರೆ ಮೂಲೆ ನೋಡಿಕೊಳ್ಳಬೇಕು. ವಿಟ್ಕೊಂಬನ ಮೂಲೆಗೆ ಒಂದೇ ಒಂದು ತಲೆ ಕಡಿಮೆ ಬಿತ್ತು.

ಯಾವ ಮೂಲೆಗೂ ಸೇರದೆ, ಕೋಟು ಕೂಡ ಬಿಚ್ಚದೆ ಕುರ್ಚಿಯಲ್ಲಿ ಕೂತಿದ್ದವಳು ಒಬ್ಬಳೇ: ಆರ್ಡಿಸಳ ಅಕ್ಕ ಲೋಯಿಸ್. ತಾಯಿ ಸತ್ತಂದಿನಿಂದ ಇಬ್ಬರಿಗೂ ಮಾತಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡವಳು ಲೋಯಿಸ್. ಸಾವಿನ ದಿನ ಬಂದು, "ನೀನು ಸರಿಯಾಗಿ ನೋಡಿದ್ರೆ ಅಮ್ಮ ಉಳೀತಿದ್ಲು" ಎಂದವಳು ಆರ್ಡಿಸ್.

"ಬಾರೇ ಲೋಯಿಸ್. ನೀನೊಬ್ಳು ಬಂದ್ರೆ ಸಾಕು."

"ನಾನಿನ್ನೂ ಬದುಕಿದೀನಿ ಅಂತ ಈಗ ನೆನಪಾಯ್ತಾ?"

"ಆ ಮಗೂಗೋಸ್ಕರ ಬಾರೇ."

"ಬರ್ತೀನಿ. ಅಮ್ಮನ ವಿಷ್ಯದಲ್ಲಿ ನೀನಂದಿದ್ದು ಸುಳ್ಳು ಅಂತ ಹೇಳು. ನನ್ನ ಕಿವೀಲಲ್ಲ, ಇವರೆಲ್ಲ ಕೇಳೋ ಹಾಗೆ. ಅವತ್ತೂ ಎಲ್ಲರ ಎದುರಿಗೇ ತಾನೇ ಅಂದಿದ್ದು?"

ಸಭೆ ನಡೆಸುತ್ತಿದ್ದವಳು "ಬೇಗ, ಬೇಗ" ಎಂದಳು. ಆರ್ಡಿಸ್ ಜನರ ಕಡೆ ತಿರುಗಿದಳು.

"ನಮ್ಮಮ್ಮನ್ನ ನೋಡ್ಕೊಂಡೋಳು ಲೋಯಿಸ್," ಎಂದು ಗಟ್ಟಿಯಾಗಿ ಹೇಳಿದಳು. "ನಾನು ಹತ್ರಾನೂ ಸುಳೀಲಿಲ್ಲ. ನನ್ನ ತಪ್ಪು ಮುಚ್ಕೊಳ್ಳೋಕೆ ಅವಳ ಮೇಲೆ ಹಾಕ್ದೆ."

ಲೋಯಿಸ್ ಎದ್ದು ಬಂದು ತಂಗಿಯ ಪಕ್ಕ ನಿಂತಳು. ಮೂಲೆ ಉಳಿಯಿತು.

ಮರುದಿನ ಬೆಳಿಗ್ಗೆ ಟೀವಿಯಲ್ಲಿ ವಿಟ್ಕೊಂಬ್ ಕಾಣಿಸಿಕೊಂಡ. ಉಳಿದ ಊರುಗಳಲ್ಲಿ ನೆಲಕಚ್ಚಿದ್ದರಿಂದ ಕಣದಿಂದ ಹಿಂದೆ ಸರಿಯುತ್ತಿದ್ದೇನೆ ಎಂದ. "ಅಯೋವಾದ ಪೈ ಮರೆಯೋಲ್ಲ" ಎಂದು ನಕ್ಕು ವಿಮಾನ ಹತ್ತಿದ. ವಾರ್ಡಿನ ಸುದ್ದಿ ಎತ್ತಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವವರುಂಟು. ಈ ಪುಣ್ಯಾತ್ಮ ದಾಟುವ ಮೊದಲೇ ಮರೆತ.

ಫೋನ್ ಬಡಿದುಕೊಂಡಿತು. ಲೋಯಿಸ್.

"ಟೀವಿ ನೋಡ್ದೆ. ಒಂದ್ ಮಾತು ಕೇಳ್ತೀನಿ, ನಿಜ ಹೇಳು. ನಿನ್ನೆ ಅಂದ್ಯಲ್ಲ, ಅದು ನನಗೋಸ್ಕರ ಅಂದಿದ್ದೋ, ಅವನಿಗೋಸ್ಕರವೋ?"

ಆರ್ಡಿಸ್ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಅವನ ಮೂಲೆ ತುಂಬಿದ್ದಿದ್ದರೆ ಅದನ್ನು ಈ ಜನ್ಮದಲ್ಲಿ ಹೇಳುತ್ತಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಅಕ್ಕ ಸ್ವಲ್ಪ ಹೊತ್ತು ಕಾದು, ಫೋನ್ ಇಟ್ಟಳು.