ಅಳಿಸಿಬಿಟ್ಟ ಪಟಗಳು

ಬೆಳಗ್ಗೆ ಹಾಲು ಕರೆದು ಡೈರಿಗೆ ಹಾಕಿದೆ, ಅವರೆಕಾಯಿ ಬಿಡಿಸಿದೆ, ಯಜಮಾನರ ಅಂಗಿ ಒಗೆದೆ. ಆಮೇಲೆ ಶೀಳನೆರೆಗೆ, ನನಗೆ ಪಟ ತೆಗೆಯೋದು ಕಲಿಸಿದ ಫೋಟೋ ಸ್ಟುಡಿಯೋದವರ ತಿಥಿಗೆ ಹೋದೆ.

ನನ್ನ ಮೊದಲ ಡಿಎಸ್‌ಎಲ್‌ಆರ್ ಕ್ಯಾಮೆರಾ ಆರಿಸಿಕೊಟ್ಟವರು ಅವರೇ. ಕಣ್ಣು ಮುಚ್ಚಿಸಿ, ಮೂರನ್ನು ಒಂದೊಂದಾಗಿ ಕೈಗಿಟ್ಟು, "ಕೈಗೆ ಕೂರೋದು ತಗಳವ್ವ, ರೇಟು ಪಟ ತೆಗಿಯಾಕಿಲ್ಲ" ಎಂದಿದ್ದರು. ಕಲಿಸಲು ತಾವೇ ಎದುರಿಗೆ ಸ್ಟೂಲಿನ ಮೇಲೆ ಕೂರುತ್ತಿದ್ದರು. ನಾನು ಒತ್ತಿದರೆ ಹಿಂದಿನ ಗೋಡೆಯ ಕ್ಯಾಲೆಂಡರು ಸ್ಪಷ್ಟ, ಅವರ ಮುಖ ಮಸುಕು.

"ಕ್ಯಾಲೆಂಡರ್‌ಗೆ ಹೆಣ್ಣು ನೋಡ್ತಿದ್ದೀಯಾ, ಅದ್ರ ಪಟನೇ ಚೆಂದಾಗಿ ತೆಗ್ದಿದ್ದೀಯಲ್ಲ?" ಎಂದು ನಗುತ್ತಿದ್ದರು. "ಅಳಿಸ್ಬ್ಯಾಡ ಕಣವ್ವ, ಕೆಟ್ಟಿದ್ದೇ ಕಲಿಸೋದು." ಪ್ರತಿ ಸಲವೂ ಇದೇ ಮಾತು. ನಾನು ನಾಚಿಕೆಯಿಂದ ಮನೆಗೆ ಬಂದು ಎಲ್ಲ ಅಳಿಸುತ್ತಿದ್ದೆ.

ಊರಿನವರ ಪಟವೆಲ್ಲ ತೆಗೆದವರಿಗೆ ತಮ್ಮದೊಂದು ಪಟವಿರಲಿಲ್ಲ. ಎಡೆಯ ಮುಂದೆ ಆಧಾರ್ ಕಾರ್ಡಿನ ಮುಖವನ್ನೇ ದೊಡ್ಡದು ಮಾಡಿಸಿ ಇಟ್ಟಿದ್ದರು.

"ಕಳ್ಳನಂಗವ್ರೆ ಕಣಕ್ಕ," ಎಂದರು ಅವರ ಹೆಂಡತಿ. "ನಿನ್ ಮುಂದೆ ಅಷ್ಟು ದಿನ ಕುಂತಿದ್ರಲ್ಲ, ಮಸುಕಾಗಿದ್ರೂ ಸರಿ, ಒಂದು ಕೊಡಕ್ಕ."

"ಒಂದೂ ಉಳಿಸ್ಲಿಲ್ಲ ಕಣವ್ವ" ಎಂದೆ. ಅವರು ನನ್ನ ಎಲೆಗೆ ಇನ್ನೊಂದು ವಡೆ ಹಾಕಿದರು.

ಸಂಜೆ ಮುದ್ದೆ, ಅವರೆಕಾಳಿನ ಸಾರು. ಉಣ್ಣುತ್ತಿದ್ದ ಯಜಮಾನರ ಪಟ ತೆಗೆದೆ. "ಉಣ್ಣಾಕ್ ಬುಡೇ" ಎಂದು ಗದರಿದರು. ಮಸುಕಾಗಿ ಬಂತು, ಅಳಿಸಲಿಲ್ಲ. ಉಂಡು ಯಜಮಾನರೇ ಮೊದಲು ಮಲಗಿದರು.