ಅಂಜಿನಮ್ಮ ಬೇರೆ ಇಟ್ಟುಕೊಂಡ ಲೋಟ

ಹೆದರಿಕೆ ಎಂಬುದು ಅಂಜಿನಮ್ಮನಿಗೆ ಹೊಸದು. ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಆಯಾ ಆಗಿದ್ದು, ಹೆಡ್‌ಮಾಸ್ಟರನ್ನೇ ಗದರಿಸಿ ಕೂರಿಸಿದ ಹೆಂಗಸು ಅವಳು. ಮಗಳು ಭಾಗ್ಯ ಕೆಲಸಕ್ಕೆ ಹೋದರೆ ಮೊಮ್ಮಗಳು ಮೀನಾಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದೂ ಅವಳೇ. ಕಡಲೆಬೀಜ, ಬೆಲ್ಲವನ್ನು ತನ್ನ ಬಾಯಲ್ಲಿ ನುಣ್ಣಗೆ ಅಗಿದು ಮಗುವಿನ ಬಾಯಿಗಿಡುತ್ತಿದ್ದಳು. ಅವಳವ್ವನೂ ಅವಳಿಗೆ ಹಾಗೇ ತಿನ್ನಿಸಿದ್ದಳು.

ಇಪ್ಪತ್ತೆರಡನೇ ವಯಸ್ಸಿಗೆ ಮೀನಾಳ ಬೆರಳ ಗಂಟುಗಳು ಊದಿದವು, ಕೆನ್ನೆಗಳ ಮೇಲೆ ಕೆಂಪು ಹಬ್ಬಿತು, ಪಾದ ಬಾತುಕೊಂಡಿತು. ಆಸ್ಪತ್ರೆಯಲ್ಲಿ ಲೂಪಸ್ ಎಂಬ ಕಾಯಿಲೆ ಎಂದರು. ಕಿಡ್ನಿಗೂ ತಾಕಿರಬಹುದು, ಸೂಜಿಯಿಂದ ಅದರ ಒಂದು ಚೂರು ತೆಗೆದು ಬಯಾಪ್ಸಿ ಮಾಡಿ ನೋಡಬೇಕು ಎಂದರು.

"ಯಾಕೆ ಬಂತು ಡಾಕ್ಟ್ರೇ?" ಭಾಗ್ಯ ಕೇಳಿದಳು.

"ಇದೇ ಕಾರಣ ಅಂತ ಹೇಳಕ್ಕಾಗಲ್ಲಮ್ಮ. ಎಂಜಲಿಂದ ಹರಡೋ ಒಂದು ವೈರಸ್ ಇದೆ. ಒಳಗೆ ಹೋದ್ರೆ ಜೀವನಪೂರ್ತಿ ಅಲ್ಲೇ ಇರುತ್ತೆ. ಅದರ ಜೊತೆ ಹೋರಾಡಬೇಕಾದ ಆಂಟಿಬಾಡಿಗಳು ಕೆಲವರಲ್ಲಿ ದಾರಿ ತಪ್ಪಿ ಸ್ವಂತ ಮೈ ಮೇಲೇ ತಿರುಗಿ ಬೀಳ್ತವಾ ಅಂತ ಸಂಶೋಧನೆ ನಡೀತಿದೆ. ಆದ್ರೆ ಆ ವೈರಸ್ ಹೆಚ್ಚುಕಮ್ಮಿ ಎಲ್ಲರಲ್ಲೂ ಇದೆ, ನನ್ನಲ್ಲೂ ಇರುತ್ತೆ."

ಅಂಜಿನಮ್ಮನ ಕಿವಿಗೆ ಬಿದ್ದದ್ದು ಎಂಜಲು ಎಂಬ ಒಂದೇ ಮಾತು. ಮುಂದಿನದೇನೂ ಅವಳ ತಲೆಗೆ ಹೋಗಲಿಲ್ಲ.

ಮನೆಗೆ ಬಂದವಳೇ ತನ್ನ ತಟ್ಟೆ, ಲೋಟ ಎತ್ತಿ ಹಿತ್ತಿಲ ಕಿಟಕಿಯ ಮೇಲಿಟ್ಟಳು. ಅವಳು ಹುಡುಗಿಯಾಗಿದ್ದಾಗ ಊರ ಹೋಟೆಲಿನ ಹೊರಗೆ ಅವಳ ಜನಕ್ಕೆಂದೇ ಬೇರೆ ಲೋಟ ಇಡುತ್ತಿದ್ದರು. ಅದನ್ನು ಮುಟ್ಟಲಾರೆನೆಂದು ಬಾಯಾರಿದ ಗಂಟಲಲ್ಲೇ ಮೂರು ಮೈಲಿ ನಡೆದ ಹಠಮಾರಿ. ಈಗ ತನ್ನ ಮನೆಯಲ್ಲಿ ತಾನೇ ತನಗೆ ಅಂಥದ್ದೊಂದು ಇಟ್ಟುಕೊಂಡಳು. ಯಾರನ್ನು ಬೈಯೋಣ ಹೇಳಿ!

ಮೊಮ್ಮಗಳ ತಲೆ ಬಾಚುವುದು ನಿಂತಿತು. ಊಟ ಆಯಿತಾ ಎಂದು ಕೇಳುವುದೂ ಹೊಸಿಲಿನಾಚೆಯಿಂದಲೇ. ಮೀನಾ ಕೆಮ್ಮಿದರೆ ಸಾಕು, ಅಂಜಿನಮ್ಮ ಇನ್ನೆರಡು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಕೊಂದೆನಲ್ಲಾ ಎಂದು ಒಳಗೊಳಗೇ ಕೊರಗುತ್ತಿದ್ದಳು.

ಬಯಾಪ್ಸಿಯ ಹಿಂದಿನ ದಿನ ಮಧ್ಯಾಹ್ನ ಮೀನಾ ಗೋಡೆ ಹಿಡಿದು ಹಿತ್ತಿಲಿಗೆ ಬಂದು, ಕುಡಿಯಲು ಕಿಟಕಿಯಲ್ಲಿದ್ದ ನೀರಿನ ಲೋಟ ಎತ್ತಿಕೊಂಡಳು.

"ಬೇಡ ಕಣೇ!" ಅಂಜಿನಮ್ಮ ಹಾರಿ ಬಂದು ಲೋಟ ಕಿತ್ತುಕೊಂಡಳು. ನೀರೆಲ್ಲ ಚೆಲ್ಲಿತು. "ನನ್ನ ಎಂಜಲು ಅದು. ನಿನ್ನ ಹಾಳ್ಮಾಡಿದ್ದೇ ಅದು. ನಾನು ಅಗಿದು ತಿನ್ನಿಸಿದ್ದು."

ಮೀನಾಳಿಗೆ ಅಳು ತಡೆಯಲಾಗಲಿಲ್ಲ.

"ಇದಕ್ಕಾ ಅಜ್ಜಿ? ಹದಿನೈದು ದಿನ ನನ್ನ ಮುಟ್ಟದೇ ಇದ್ದಿದ್ದು ಇದಕ್ಕಾ? ನಾನು ಸತ್ತೋಗ್ತೀನಿ ಅಂತ ಡಾಕ್ಟ್ರು ನಿಂಗೆ ಮಾತ್ರ ಹೇಳಿದಾರೆ ಅಂದ್ಕೊಂಡಿದ್ದೆ. ಅದ್ಕೇ ಈಗ್ಲೇ ದೂರ ಆಗ್ತಿದೀಯ ಅಂತ."

ಅಂಜಿನಮ್ಮ ಮೊಮ್ಮಗಳ ಊದಿದ ಕೈಯನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದಳು. ನಾಳೆ ಆಸ್ಪತ್ರೆಯಲ್ಲೂ ಬಿಡಲ್ಲ ಎಂದು ಹೇಳಬೇಕೆನಿಸಿತು. ಆದರೆ ತನ್ನ ಉಸಿರು ಅವಳಿಗೆ ತಾಕೀತೆಂಬ ಭಯಕ್ಕೆ ಮುಖ ಅತ್ತ ತಿರುಗಿಸಿ, ಬಾಯಿ ಬಿಗಿದು, ಕೈ ಮಾತ್ರ ಬಿಡದೆ ನಿಂತಳು.